ನರಕಕ್ಕೆ ಒಂದು ಚೊಂಬು ನೀರು

ಬಿಸಿ ಚಹಾದ ಮೊದಲ ಗುಟುಕಿಗೇ ನಾಲಗೆ ಸುಟ್ಟುಕೊಳ್ಳುವ ಕಲೆಯಲ್ಲಿ ನನ್ನನ್ನು ಮೀರಿಸುವವರು ನ್ಯಾಮತಿ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದಾರೆಂದು ನನಗನ್ನಿಸುವುದಿಲ್ಲ. ನಮ್ಮೂರು ತಾಲ್ಲೂಕು ಕೇಂದ್ರವಾದ ಮೇಲೆ ಎಲ್ಲದರಲ್ಲೂ ತಾಲ್ಲೂಕು ಮಟ್ಟದ ಪ್ರಥಮ ಸ್ಥಾನವೆಂಬುದೊಂದು ಇರಲೇಬೇಕಾದ್ದರಿಂದ, ಈ ವಿಭಾಗದ ಪ್ರಶಸ್ತಿಯನ್ನು ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ. ಬಸ್ ನಿಲ್ದಾಣದ ಎದುರು ಹಾಲಮ್ಮ ಎಂಬಾಕೆಯ ಚಹಾದಂಗಡಿಯಿದೆ. ಅಲ್ಲಿ ಕೂತ ತಕ್ಷಣ, ಏನು ಬೇಕೆಂದು ಕೇಳುವ ಮೊದಲೇ, ಮುಂದೆ ಒಂದು ಗ್ಲಾಸು ನೀರು ಬಂದು ಕುಳಿತಿರುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ. ಯಾವ ನಲ್ಲಿಯದೋ ಏನೋ ಎಂಬ ಸುಶಿಕ್ಷಿತ ಸಂಶಯದಿಂದ ಗ್ಲಾಸನ್ನು ಪಕ್ಕಕ್ಕೆ ಸರಿಸಿ ನೇರವಾಗಿ ಚಹಾಕ್ಕೆ ಬಾಯಿ ಹಾಕುತ್ತೇನೆ. ಆಮೇಲೆ ಮೂರು ದಿನ ಉಪ್ಪಿಗೂ ಸಕ್ಕರೆಗೂ ಭೇದ ತಿಳಿಯದ ಸ್ಥಿತಪ್ರಜ್ಞನಾಗಿ ಬಾಳುತ್ತೇನೆ.

ಈ ಬೇಸಿಗೆಯ ಒಂದು ಬೆಳಗ್ಗೆ ಹೊನ್ನಾಳಿ ಬಸ್ಸಿಗೆ ಕಾಯುತ್ತಾ ಹಾಗೆಯೇ ನಾಲಗೆ ಸುಟ್ಟುಕೊಂಡು ಕೂತಿದ್ದಾಗ, ಚಹಾ ಗ್ಲಾಸಿನ ತಳಕ್ಕೆ ಅಂಟಿಕೊಂಡಿದ್ದ ಒಂದು ಬಣ್ಣದ ಹಾಳೆ ಕಣ್ಣಿಗೆ ಬಿತ್ತು. ಬಿಳಿ ಶರ್ಟಿನ ಮನುಷ್ಯನೊಬ್ಬ ನಿಲ್ದಾಣದ ತುಂಬ ಅವನ್ನು ಹಂಚುತ್ತಾ ನಡೆದಿದ್ದ. ಹಾಳೆಯಲ್ಲಿ ಒಂದು ಬೆಂಕಿಯ ಕೆರೆ, ಕೆರೆಯಲ್ಲಿ ಎದೆಮಟ್ಟ ಮುಳುಗಿ ಕೈಯೆತ್ತಿ ಕೂಗುತ್ತಿರುವ ಜನ. ಚಿತ್ರ ಬರೆದವನು ಕೂದಲು ಸುಡುತ್ತದೆಂಬ ಸಾಮಾನ್ಯ ಜ್ಞಾನವೂ ಇಲ್ಲದೆ ಎಲ್ಲರಿಗೂ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ. ಕೆಳಗೆ, ‘ಇಂದು ರಾತ್ರಿ ನೀನು ಸತ್ತರೆ ಎಲ್ಲಿರುವೆ?’ ಎಂಬ ಪ್ರಶ್ನೆ. ಅರ್ಧ ಗುಟುಕು ಚಹಾಕ್ಕೆ ಕಣ್ಣಲ್ಲಿ ನೀರು ಬಂದಿದ್ದ ನನಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಂದು ಬಂದದ್ದು ಸಿಟ್ಟು. ಯಾಕೆಂದರೆ ನಾನು ಹೊರಟಿದ್ದದ್ದೇ ಈ ಕೆರೆಯ ದಡದಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಬ್ಬ ಗೆಳತಿಯನ್ನು ಎಳೆದು ತರಲು.

ಆಕೆ ಸುಗುಣಾ ಟೀಚರ್. ಚನ್ನಗಿರಿಯ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಾ ಭೂಪಟಗಳನ್ನು ತಲೆಕೆಳಗಾಗಿ ತೂಗುಹಾಕುತ್ತಿದ್ದ ವರ್ಷಗಳಲ್ಲಿ ಆಕೆ ಗಣಿತ ಹೇಳುತ್ತಿದ್ದರು, ಮತ್ತು ನನ್ನ ಭೂಪಟಗಳನ್ನು ತಾವೇ ಬಂದು ನೆಟ್ಟಗೆ ಮಾಡಿ ಹೋಗುತ್ತಿದ್ದರು. ಭಾನುವಾರದ ಆರಾಧನೆ ತಪ್ಪಿಸದ ಕ್ರೈಸ್ತ ಹೆಣ್ಣುಮಗಳು. ನಿವೃತ್ತಿಯ ಬಳಿಕ ಗಂಡ ಜಯರಾಜನ ಊರಾದ ಜಗಳೂರಿಗೆ ಹೋಗಿ ನೆಲೆಸಿದರು. ಜಯರಾಜನಿಗೆ ಅಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ. ಅವನು ಚರ್ಚಿನೊಳಗೆ ಹೋಗಿದ್ದು ಮದುವೆಗೊಮ್ಮೆ, ಅದೂ ತನ್ನ ಮದುವೆಗೆ. ಮಿಕ್ಕ ಭಾನುವಾರಗಳಲ್ಲಿ ಯಾರದೋ ಹೊಲದಲ್ಲಿ ಕೆಟ್ಟು ಕೂತ ಮೋಟಾರಿನ ಹೊಟ್ಟೆ ಬಿಚ್ಚುತ್ತಿದ್ದ. ‘ಮೋಟಾರಿಗೆ ಭಾನುವಾರ ಗೊತ್ತಿಲ್ಲ ಕಣ್ರಿ, ಬಾಯಾರಿಕೆಗೂ ಗೊತ್ತಿಲ್ಲ’ ಎನ್ನುವುದು ಅವನ ಸಮಗ್ರ ಧರ್ಮಶಾಸ್ತ್ರವಾಗಿತ್ತು.

ಜಗಳೂರು ಹೊಳೆಯಿಲ್ಲದ ಸೀಮೆ. ತುಂಗಭದ್ರೆಯನ್ನು ಮನೆಯ ಹಿತ್ತಲಿನಂತೆ ಭಾವಿಸಿರುವ ಹೊನ್ನಾಳಿಯವರಿಗೆ ಅಲ್ಲಿಯ ಬಾಯಾರಿಕೆ ಅರ್ಥವಾಗುವುದು ಕಷ್ಟ. ಆದರೆ ನೀರು ಕಡಿಮೆ ಇರುವ ಕಡೆಯೇ ನೀರಿನ ಮರ್ಯಾದೆ ಹೆಚ್ಚು. ಹೊಸಿಲು ತುಳಿದವರಿಗೆ ಮೊದಲು ಚೊಂಬಿನಲ್ಲಿ ನೀರು, ಅಂಗೈಗೊಂದು ಬೆಲ್ಲದ ಚೂರು. ನೀವು ಯಾರು, ಯಾವೂರು, ಯಾಕೆ ಬಂದಿರಿ ಎಂಬುದೆಲ್ಲ ಆಮೇಲೆ. ಜಯರಾಜ ಈ ಪದ್ಧತಿಯನ್ನು ಹೊಸಿಲಿನಿಂದ ರಸ್ತೆಗೆ ತಂದಿದ್ದ. ಪ್ರತಿ ಬೇಸಿಗೆ ಅಂಗಡಿಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿ, ಮರಳಿನಲ್ಲಿ ಆರು ಗಡಿಗೆ ಹೂತು, ಲಾವಂಚದ ಬೇರು ಬಿಟ್ಟು ಅರವಟಿಗೆ ಇಡುತ್ತಿದ್ದ. ಲೋಟಕ್ಕೆ ಸರಪಳಿ ಕಟ್ಟಬೇಕೆಂದು ಎಷ್ಟೋ ಜನ ಬುದ್ಧಿ ಹೇಳಿದರೂ, ಕುಡಿಯುವವನ ಮೇಲೆ ಅನುಮಾನಪಟ್ಟು ನೀರು ಕೊಡಬಾರದೆಂದು ಹೇಳಿ ಅವನು ಒಪ್ಪಲಿಲ್ಲ. ಬೆಳಗ್ಗೆ ಗಡಿಗೆ ತೊಳೆದು ತುಂಬುತ್ತಿದ್ದವಳು ಪಕ್ಕದ ಕೇರಿಯ ಓಬಮ್ಮ ಎಂಬ ಮುದುಕಿ.

ಹೋದ ಮಳೆಗಾಲದಲ್ಲಿ ಜಯರಾಜ ಎದೆ ಹಿಡಿದುಕೊಂಡು ಅಂಗಡಿಯಲ್ಲೇ ಕೂತವನು ಏಳಲಿಲ್ಲ. ಸುಗುಣಾ ಟೀಚರ್ ಅದನ್ನು ಸಹಿಸಿಕೊಂಡರು. ಸಹಿಸಲಾಗದ್ದು ಬಂದದ್ದು ಬೇಸಿಗೆಯಲ್ಲಿ, ಚರ್ಚಿನ ಉಪವಾಸದ ದಿನಗಳಲ್ಲಿ. ಹೊರಗಿನಿಂದ ಬಂದ ಬೋಧಕನೊಬ್ಬ ಪ್ರಾರ್ಥನಾ ಕೂಟದಲ್ಲಿ ನರಕವನ್ನು ಒಂದೂವರೆ ಗಂಟೆ ವರ್ಣಿಸಿ, ಪಶ್ಚಾತ್ತಾಪಪಡದೆ ಸತ್ತವರು ಈ ಕ್ಷಣದಲ್ಲೂ ಅಲ್ಲಿ ಉರಿಯುತ್ತಿದ್ದಾರೆಂದೂ, ಅವರಿಗಾಗಿ ಇನ್ನು ಬೇಡಿಕೊಂಡು ಫಲವಿಲ್ಲವೆಂದೂ ಖಚಿತಪಡಿಸಿ, ಬೈಬಲಿನ ಸುವಾರ್ತೆಯ ಒಂದು ಕಥೆಯನ್ನು ಓದಿದನಂತೆ. ಕಥೆ ಇಷ್ಟು: ಒಬ್ಬ ಶ್ರೀಮಂತ, ಅವನ ಬಾಗಿಲಲ್ಲಿ ಹುಣ್ಣು ತುಂಬಿದ ಒಬ್ಬ ಭಿಕ್ಷುಕ. ಇಬ್ಬರೂ ಸತ್ತರು. ಭಿಕ್ಷುಕ ಸ್ವರ್ಗದಲ್ಲಿರುವ ಕುಲದ ಮೂಲಪುರುಷನ ಮಡಿಲಿಗೆ, ಶ್ರೀಮಂತ ಬೆಂಕಿಗೆ. ಬೆಂಕಿಯಲ್ಲಿದ್ದವನು ಮೇಲೆ ನೋಡಿ, ಆ ಭಿಕ್ಷುಕ ಬೆರಳ ತುದಿಯನ್ನು ನೀರಲ್ಲಿ ಅದ್ದಿ ನನ್ನ ನಾಲಗೆಗೆ ಮುಟ್ಟಿಸಲಿ ಎಂದು ಬೇಡಿದ. ಆಗುವುದಿಲ್ಲ, ನಡುವೆ ದೊಡ್ಡ ಕಂದರವಿದೆ ಎಂದು ಉತ್ತರ ಬಂತು.

ಅಂದಿನಿಂದ ಟೀಚರಿಗೆ ತಣ್ಣನೆಯ ನೀರು ಗಂಟಲಲ್ಲಿ ಇಳಿಯದಾಯಿತು. ಲೋಟ ಎತ್ತಿದರೆ ಗಂಡನ ನಾಲಗೆ ನೆನಪಾಗುತ್ತದೆ. ಜಗಳೂರಿನ ಏಪ್ರಿಲ್‌ನಲ್ಲಿ, ಬಿಸಿ ನೀರು ಕಾಯಿಸಿಕೊಂಡು, ಔಷಧಿ ನುಂಗುವಷ್ಟೇ ಕುಡಿಯುತ್ತಿದ್ದರು. ಅರವಟಿಗೆಯ ಗಡಿಗೆಗಳು ಒಳಕೋಣೆಯಲ್ಲಿ ಬೋರಲು ಬಿದ್ದಿದ್ದವು. ಮೂತ್ರ ಉರಿಯೆಂದು ಒಮ್ಮೆ ಆಸ್ಪತ್ರೆಗೂ ಹೋಗಿ ಬಂದಿದ್ದರು. ಹೀಗೇ ಆದರೆ ಮೂತ್ರಪಿಂಡ ಉಳಿಯುವುದಿಲ್ಲವೆಂದು ಅಲ್ಲಿ ಗದರಿಸಿ ಕಳಿಸಿದ್ದರಂತೆ. ಇದನ್ನೆಲ್ಲ ಅವರು ಫೋನಿನಲ್ಲಿ ಲೆಕ್ಕದ ಹಂತಗಳನ್ನು ಹೇಳುವಷ್ಟೇ ನಿರ್ವಿಕಾರವಾಗಿ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆ ಬೋಧಕನನ್ನು ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ, ಬೈಗುಳ ವಾದವಲ್ಲವೆಂದು ಅರಿವಾಗಿ, ಬೈಬಲನ್ನೇ ತಂದು ಓದಲು ಕೂತೆ.

ಒಂದು ತಿಂಗಳು ಓದಿದೆ. ಭೂಗೋಳದ ಮೇಷ್ಟ್ರಿಗೆ ಯಾವ ಪ್ರದೇಶದ ಹೆಸರು ಕೇಳಿದರೂ ಮೊದಲು ಹುಟ್ಟುವ ಆಸೆ ಅದರ ನಕ್ಷೆ ಬರೆಯುವುದು. ನಾನೂ ಒಂದು ನೋಟ್‌ಬುಕ್ಕಿನಲ್ಲಿ ನರಕದ ನಕ್ಷೆ ಬರೆಯಲು ಹೊರಟೆ. ಬರೆದು, ಅಳಿಸಿ, ಹಾಳೆ ತೂತಾಯಿತು. ಒಂದು ಕಡೆ ಅದು ಆರದ ಬೆಂಕಿ. ಇನ್ನೊಂದು ಕಡೆ ಕಡುಗತ್ತಲೆ. ಬೆಂಕಿಯಿದ್ದಲ್ಲಿ ಕತ್ತಲೆ ಹೇಗಿರುತ್ತದೆಂದು ನಾಲ್ಕನೆಯ ತರಗತಿಯ ಹುಡುಗಿಯೂ ಕೇಳುತ್ತಾಳೆ. ಆ ಬೆಂಕಿಯಲ್ಲಿ ಸಾಯದ ಹುಳುಗಳಿವೆಯಂತೆ. ಪಾಪ, ಅವು ಏನು ತಪ್ಪು ಮಾಡಿದ್ದವೋ! ಒಂದು ಕಡೆ ದೇಹಾತ್ಮಗಳೆರಡೂ ನಾಶವಾಗುತ್ತವೆ, ಇನ್ನೊಂದು ಕಡೆ ನಾಶವಾಗದೆ ನರಳುತ್ತಲೇ ಇರುತ್ತವೆ. ಕಡೆಯ ಪುಟಗಳಿಗೆ ಬಂದರೆ ಸಾವನ್ನೂ ಪಾತಾಳವನ್ನೂ ಎತ್ತಿ ಬೆಂಕಿಯ ಕೆರೆಗೆ ಎಸೆಯಲಾಗುತ್ತದೆ, ಅಂದರೆ ನರಕವೇ ನರಕಕ್ಕೆ ಹೋಗುತ್ತದೆ. ಇಂಥ ಉತ್ತರಪತ್ರಿಕೆಯನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಪೋಷಕರನ್ನು ಕರೆಸುತ್ತಿದ್ದೆ.

ಇನ್ನೂ ವಿಚಿತ್ರವೆಂದರೆ, ಗ್ರಂಥದ ಮೊದಲ ಮುಕ್ಕಾಲು ಭಾಗದಲ್ಲಿ ಈ ಕೆರೆಯ ಪತ್ತೆಯೇ ಇಲ್ಲ. ಸತ್ತವರೆಲ್ಲ, ಅರಸನೂ ಆಳೂ, ಸಜ್ಜನನೂ ಕೇಡಿಗನೂ, ಒಂದೇ ಮೌನದ ಗುಂಡಿಗೆ ಇಳಿಯುತ್ತಾರೆ. ತಮ್ಮನನ್ನು ಹೊಲದಲ್ಲಿ ಕೊಂದ ಜಗತ್ತಿನ ಮೊದಲ ಕೊಲೆಗಾರನಿಗೆ ದೇವರು ಕೊಟ್ಟ ಶಿಕ್ಷೆ ಅಲೆದಾಟ, ಅದರ ಜೊತೆಗೆ ಅವನನ್ನು ಯಾರೂ ಕೊಲ್ಲದಿರಲೆಂದು ಒಂದು ರಕ್ಷೆಯ ಗುರುತು. ಕೊಲೆಗಾರನಿಗೆ ರಕ್ಷೆ, ಮೋಟಾರು ರಿಪೇರಿಯವನಿಗೆ ಶಾಶ್ವತ ಬೆಂಕಿ! ಸುವಾರ್ತೆಗಳಲ್ಲಿ ನರಕಕ್ಕೆ ಬಳಸಿದ ಹೆಸರಾದರೂ ಎಲ್ಲಿಯದೆಂದು ನೋಡಿದರೆ, ಅದು ಯೆರೂಸಲೇಮಿನ ಹೊರಗಿನ ಒಂದು ಕಣಿವೆಯದು, ಇವತ್ತೂ ನಡೆದುಹೋಗಿ ನೋಡಿ ಬರಬಹುದಾದದ್ದು. ಅಲ್ಲಿ ಹಿಂದೆ ಅರಸರು ಹೆತ್ತ ಮಕ್ಕಳನ್ನೇ ಬೆಂಕಿಗೆ ಆಹುತಿ ಕೊಟ್ಟಿದ್ದರಂತೆ. ಅದನ್ನು ಕಂಡು ದೇವರು, ಇಂಥದೊಂದು ನನ್ನ ಮನಸ್ಸಿಗೂ ಬಂದಿರಲಿಲ್ಲವಲ್ಲ ಎಂದು ಹೇಸಿಕೊಂಡನೆಂದು ಪ್ರವಾದಿಯೊಬ್ಬ ಬರೆದಿಟ್ಟಿದ್ದಾನೆ. ಮಕ್ಕಳನ್ನು ಸುಡುವುದು ಮನಸ್ಸಿಗೂ ಬಾರದಿದ್ದ ಆ ದೇವರ ಕೈಗೆ ಅದೇ ಕಣಿವೆಯ ಬೆಂಕಿಯನ್ನು ಕೊಟ್ಟು, ಕೊನೆಯೇ ಇಲ್ಲದಂತೆ ಊದುತ್ತಾ ಕೂರು ಎಂದವರು ಯಾರು? ಮನುಷ್ಯನಿಗೆ ಏಳೆಪ್ಪತ್ತು ಸಲ ಕ್ಷಮಿಸು ಎಂದು ಬೋಧಿಸುವ ಪುಸ್ತಕ, ತನ್ನ ಒಡೆಯನಿಗೆ ಒಂದು ಸಲದ ಅಭ್ಯಾಸವನ್ನೂ ಹೇಳಿಕೊಡುವುದಿಲ್ಲ.

ನಮ್ಮವರೇನು ಕಮ್ಮಿಯಿಲ್ಲ ಎಂದು ನೀವು ಗೊಣಗುತ್ತಿರುವುದು ನನಗೆ ಕೇಳಿಸುತ್ತಿದೆ. ನಿಜ. ನಮ್ಮ ಪುರಾಣಿಕರು ಒಂದು ನರಕ ಸಾಲದೆಂದು ಇಪ್ಪತ್ತೆಂಟನ್ನು ಕಟ್ಟಿ, ಕುಂಭೀಪಾಕದ ಎಣ್ಣೆಯನ್ನು ಯಾವ ಕಾಲಕ್ಕೆ ಬದಲಿಸುತ್ತಾರೆಂಬುದೊಂದನ್ನು ಬಿಟ್ಟು ಮಿಕ್ಕೆಲ್ಲ ವಿವರ ಕೊಟ್ಟಿದ್ದಾರೆ. ಆ ಅಡುಗೆಮನೆಯನ್ನು ನೆನೆದರೂ ನನಗೆ ಅಷ್ಟೇ ವಾಕರಿಕೆ. ಆದರೆ ಯಮನ ಲೆಕ್ಕದಲ್ಲಿ ಶಿಕ್ಷೆಗೊಂದು ಅವಧಿಯಾದರೂ ಇದೆ. ತೀರಿದ ಮೇಲೆ ಹುಳುವೋ ಹುಪ್ಪಡಿಯೋ ಆಗಿ ಹೊರಗೆ ಬರಬಹುದು. ಚನ್ನಗಿರಿಯಲ್ಲಿದ್ದಾಗ ಮಕ್ಕಳನ್ನು ಕಟ್ಟಿಕೊಂಡು ಕತ್ತಲಗೆರೆ ಕಡೆಯ ಒಂದು ಕಣಕ್ಕೆ ಅಡಿಕೆ ಬೇಯಿಸುವುದನ್ನು ತೋರಿಸಲು ಹೋಗಿದ್ದೆ. ಹಂಡೆಯ ಮುಂದೆ ಕೂತ ಮುದುಕನಿಗೆ, ಇನ್ನಷ್ಟು ಹೊತ್ತು ಬೇಯಿಸಿದರೆ ಏನಾಗುತ್ತದೆಂದು ನನ್ನ ಎಂದಿನ ಪಾಂಡಿತ್ಯದಿಂದ ಕೇಳಿದೆ. ಅವನು ಸೌಟಿನಲ್ಲಿ ಒಂದು ಅಡಿಕೆ ಎತ್ತಿ ನೋಡುತ್ತಾ, ‘ಬೇಯ್ಸೋದು ಹದ ಬರಾಕೆ ಮೇಷ್ಟ್ರೆ. ಹದ ಬಂದಮ್ಯಾಲೂ ತೆಗೀದೆ ಕುಂತ್ರೆ ಅದು ಬೇಯ್ಸೋದಲ್ಲ, ಹಾಳ್ ಮಾಡೋದು’ ಅಂದ. ನಿತ್ಯ ನರಕದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ.

ಇಷ್ಟೆಲ್ಲ ಸರಕನ್ನು ನೋಟ್‌ಬುಕ್ಕಿಗೆ ತುಂಬಿಕೊಂಡು, ಅಂದು ಹಾಲಮ್ಮನ ಅಂಗಡಿಯಿಂದ ಎದ್ದು, ಹೊನ್ನಾಳಿಯಲ್ಲೊಮ್ಮೆ ದಾವಣಗೆರೆಯಲ್ಲೊಮ್ಮೆ ಬಸ್ ಬದಲಿಸಿ, ಸುಟ್ಟ ನಾಲಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳುತ್ತಾ ನಡುಹಗಲಿಗೆ ಜಗಳೂರಿನಲ್ಲಿಳಿದೆ. ಅಂಗಡಿಯ ಬಾಗಿಲು ಹಾಕಿತ್ತು. ಚಪ್ಪರವಿರಬೇಕಾದಲ್ಲಿ ಬಿಸಿಲಿತ್ತು. ಟೀಚರ್ ಬಾಗಿಲು ತೆರೆದಾಗ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು; ತುಟಿ ಒಡೆದು, ಕೆನ್ನೆ ಒಳಗೆ ಹೋಗಿತ್ತು. ನನಗೆ ಮಾತ್ರ ಪದ್ಧತಿಯಂತೆ ಚೊಂಬು ತುಂಬ ತಣ್ಣನೆಯ ನೀರು, ಬೆಲ್ಲ ತಂದಿಟ್ಟರು. ಅವರೆದುರು ಅದನ್ನು ಕುಡಿಯಲು ನನಗೆ ಮನಸ್ಸು ಬರಲಿಲ್ಲ.

ನೋಟ್‌ಬುಕ್ ಬಿಚ್ಚಿದೆ. ಕತ್ತಲೆ, ಬೆಂಕಿ, ಹುಳು, ಕಣಿವೆ, ಕೊಲೆಗಾರ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ: ಕಡೆಯ ತೀರ್ಪಿನ ದಿನ ಕುರಿ ಆಡುಗಳನ್ನು ಬೇರ್ಪಡಿಸುವ ಹಾಗೆ ಜನರನ್ನು ಬೇರ್ಪಡಿಸುವ ಭಾಗ. ಅಲ್ಲಿ ಪ್ರಶ್ನೆಪತ್ರಿಕೆಯನ್ನು ಯೇಸುವೇ ಮುಂಚಿತವಾಗಿ ಹೇಳಿಬಿಟ್ಟಿದ್ದಾನೆ. ಹಸಿದವನಿಗೆ ಅನ್ನ ಕೊಟ್ಟೆಯಾ, ಬಾಯಾರಿದವನಿಗೆ ನೀರು ಕೊಟ್ಟೆಯಾ ಎಂಬಂಥ ನಾಲ್ಕಾರು ಪ್ರಶ್ನೆ. ಎಷ್ಟು ಭಾನುವಾರ ಬಂದೆ ಎಂಬ ಪ್ರಶ್ನೆಯೇ ಇಲ್ಲ. ಜಯರಾಜ ಅರವಟಿಗೆಯೊಂದರಲ್ಲೇ ಉತ್ತೀರ್ಣನಾದ ಎಂದು ಮೇಜು ಗುದ್ದಿದೆ. ಬೋಧಕರು ಪ್ರಶ್ನೆಪತ್ರಿಕೆಯನ್ನು ಬಿಟ್ಟು ನಪಾಸಾದವರ ಶಿಕ್ಷೆಯನ್ನು ಮಾತ್ರ ಓದುತ್ತಾರೆಂದೂ ಸೇರಿಸಿದೆ.

ಟೀಚರ್ ನಾನು ಹೇಳುವಷ್ಟೂ ಹೊತ್ತು, ತಪ್ಪು ಲೆಕ್ಕ ಮಾಡುವ ಹುಡುಗನನ್ನು ನಡುವೆ ತಡೆಯದ ತಾಳ್ಮೆಯಿಂದ ಕೇಳಿದರು. ‘ಮೇಷ್ಟ್ರೆ, ನೀವು ಒಂದು ತಿಂಗಳು ಓದಿದ್ದೀರಿ. ನಾನು ಮೂವತ್ತು ವರ್ಷ ಭಾನುವಾರದ ಶಾಲೇಲಿ ಹೇಳಿಕೊಟ್ಟಿದ್ದೀನಿ. ಕುರಿ ಆಡಿನದೂ ಗೊತ್ತು, ಕಣಿವೇದೂ ಗೊತ್ತು. ತಲೆಗೆ ಎಲ್ಲಾ ಗೊತ್ತೈತ್ರಿ. ನೀರು ಇಳೀಬೇಕಾಗಿರೋದು ತಲೇಲಲ್ಲ, ಗಂಟಲಲ್ಲಿ.’ ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎನ್ನುವುದನ್ನು ನಾನು ಬೋರ್ಡಿನ ಮೇಲೆ ನೂರು ಸಲ ಬರೆದವನು. ಆ ಮುಕ್ಕಾಲು ನನ್ನಲ್ಲಿರಲಿಲ್ಲ. ನೋಟ್‌ಬುಕ್ ಮುಚ್ಚಿದೆ. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಈಕೆ ನಮ್ಮ ಕಣ್ಣೆದುರೇ ಒಣಗಿ ಸಾಯುತ್ತಾರೆ ಅನ್ನಿಸಿತು.

ಆ ಹೊತ್ತಿಗೆ ಬಾಗಿಲಲ್ಲಿ ಓಬಮ್ಮ ಕಾಣಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊಸಿಲ ಮೇಲೆ ಕೂತು, ನನ್ನ ಮುಂದೆ ಮುಟ್ಟದೆ ಇದ್ದ ಚೊಂಬನ್ನೂ ನನ್ನನ್ನೂ ಒಮ್ಮೆ ನೋಡಿ, ಟೀಚರ ಕಡೆ ತಿರುಗಿ ಜಗಳ ತೆಗೆದಳು. ‘ಟೀಚರಮ್ಮ, ಗಡಿಗಿ ಯಾವಾಗ ಇಡ್ತೀರಿ? ಹಾದ್ಯಾಗೆ ಹೋಗೋರು ನನ್ನ ಕೇಳ್ತಾರೆ. ಬಿಸ್ಲು ತಲಿ ಮ್ಯಾಲೆ ಕುಂತೈತಿ. ಏನಂತ ಹೇಳ್ಲಿ ನಾನು?’ ಟೀಚರ್ ಒಳಕೋಣೆಯ ಕಡೆ ನೋಡಿದರು. ಸುಮ್ಮನಿರಲಾರದ ನಾನು, ಅವರ ಪರವಾಗಿ, ಬೋಧಕ ಹೇಳಿದ ಕಥೆಯನ್ನು ಮುದುಕಿಗೆ ಹೇಳಿದೆ.

ಓಬಮ್ಮ ಕಥೆ ಕೇಳುವಾಗ ಶ್ರೀಮಂತನ ಕಡೆಗಾಗಲಿ ಭಿಕ್ಷುಕನ ಕಡೆಗಾಗಲಿ ಗಮನ ಕೊಡಲಿಲ್ಲ. ‘ಆಟು ಬೇಡ್ಕಂಡ್ರೂ ಕೊಡ್ಲಿಲ್ಲೇನು? ಅವ್ರ ತಾವ ನೀರಿರ್ಲಿಲ್ಲೇನು?’ ಅಂದಳು. ಇತ್ತು, ನಡುವೆ ಕಂದರವಿತ್ತಂತೆ ಎಂದೆ. ‘ಮಾತು ಕೇಳ್ಸೋವಷ್ಟು ಹತ್ರ ಐತಲ್ಲ, ಚೊಂಬು ಒಗೀಬೌದಿತ್ತಲ್ಲ?’ ನನ್ನ ಒಂದು ತಿಂಗಳ ಅಧ್ಯಯನದಲ್ಲಿ ಇದು ಹೊಳೆದಿರಲಿಲ್ಲ. ಮುದುಕಿ ತಲೆ ಅಲ್ಲಾಡಿಸುತ್ತಾ, ನೆರೆಮನೆಯವರ ನಡತೆಯನ್ನು ಖಂಡಿಸುವ ದನಿಯಲ್ಲಿ, ‘ನೀರು ಬಗಲಾಗಿಟ್ಕಂಡು ನೋಡ್ತಾ ಕುಂತಾರಲ್ಲ, ಅವ್ರೂ ಒಳ್ಳೇರಂತಾ? ನಮ್ ಜಯಣ್ಣ ಅಂತೋರ ಸಂಗಾಟ ಕುಂದ್ರೋ ಮನುಷ್ಯಾನೇ ಅಲ್ಲ ಬಿಡ್ರಿ. ಸ್ವರ್ಗಕ್ಕೇ ಕಳ್ಸಿರ್ಲಿ, ಆ ಬೆಂಕೀಯಾಗಿನೋರು ಕೂಗೋದು ಕಿವಿಗೆ ಬಿತ್ತಂದ್ರೆ ಬಿಂದಿಗಿ ತುಂಬ್ಕಂಡು ಅತ್ಲಾಗೇ ಇಳ್ದಿರ್ತಾನೆ. ನರಕದಾಗೇ ಅದಾನೆ ಅಂದ್ರೆ ಹಂಗೇ ಹೋಗಿರ್ಬೇಕು’ ಅಂದಳು.

ಟೀಚರ ಮುಖದಲ್ಲಿ ಮೊದಲು ಬಂದದ್ದು ನಗು. ಜಯರಾಜ ಬಿಂದಿಗೆ ಹೊತ್ತು, ಲೋಟಕ್ಕೆ ಸರಪಳಿ ಬೇಡವೆಂದು ಯಾರ ಜೊತೆಗೋ ವಾದ ಮಾಡುತ್ತಾ ಆ ಕೆರೆಯ ದಡದಲ್ಲಿ ನಡೆದಿರುವುದು ನನಗೂ ಕಂಡಿತು. ನಗು ಅಳುವಾಯಿತು. ಹೋದ ಮಳೆಗಾಲದಿಂದ ಅಳದಿದ್ದ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು, ಅದಕ್ಕೆ ಚಹಾ ಕಾರಣವಲ್ಲ. ಬಿಕ್ಕಳಿಕೆ ನಿಲ್ಲದಿದ್ದಾಗ ಓಬಮ್ಮ ಎದ್ದು, ನನ್ನ ಮುಂದಿದ್ದ ಚೊಂಬನ್ನು ಎತ್ತಿಕೊಂಡು ಹೋಗಿ ಅವರ ಕೈಗಿಟ್ಟಳು. ಟೀಚರ್ ಕುಡಿದರು. ನಿಲ್ಲಿಸದೆ, ಕತ್ತಿನ ಮೇಲೆ ಸುರಿದುಕೊಳ್ಳುತ್ತಾ, ಚೊಂಬು ಬರಿದಾಗುವವರೆಗೆ ಕುಡಿದರು. ಸಂಜೆಯೊಳಗೆ ಆರು ಗಡಿಗೆಗಳೂ ಹೊರಗೆ ಬಂದವು. ಒಂದನ್ನು ಸಾಗಿಸುವಾಗ ನಾನು ಒಡೆದದ್ದರಿಂದ ಮರಳಿನಲ್ಲಿ ಐದೇ ಕೂತವು.

ಸ್ವರ್ಗದ ಬಗ್ಗೆ ಅಂದಿನಿಂದ ನನಗೆ ನರಕದ ಮೇಲಿದ್ದಷ್ಟೇ ತಿರಸ್ಕಾರ. ಕೆಳಗಿನ ಕೂಗು ಕೇಳುತ್ತಿದ್ದರೂ ಎದ್ದು ಹೋಗದೆ ಕೂರಬಲ್ಲವರಿಂದಲೇ ತುಂಬಿದ ಊರು ಎಷ್ಟು ತಂಪಾಗಿದ್ದರೇನು? ಅಲ್ಲಿಗೆ ನನ್ನನ್ನು ಯಾರೂ ಕರೆಯುವುದಿಲ್ಲವೆಂಬುದು ಬೇರೆ ಮಾತು.

ಮೂರನೆಯ ದಿನ ಮತ್ತೆ ಹಾಲಮ್ಮನ ಅಂಗಡಿಯಲ್ಲಿ ಕೂತೆ. ನೀರಿನ ಗ್ಲಾಸು ಬಂತು. ಯಾವ ನಲ್ಲಿಯದೋ, ಎತ್ತಿ ಕುಡಿದೆ; ಕೊಂಚ ಉಗುರುಬೆಚ್ಚಗಿತ್ತು, ನಾಲಗೆಗೆ ಹಿತವಾಗಿತ್ತು. ಅಷ್ಟರಲ್ಲಿ ಹಾಳೆ ಹಂಚುವ ಬಿಳಿ ಶರ್ಟಿನ ಮನುಷ್ಯ ಬಿಸಿಲಿನಿಂದ ಒಳಗೆ ಬಂದ. ಕಂಕುಳಡಿ ಬೆಂಕಿಯ ಕೆರೆಗಳ ಕಟ್ಟು ಇನ್ನೂ ದಪ್ಪಗೇ ಇತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅವನಿಗೆ ಹೇಳಲೆಂದು ನನ್ನ ನೋಟ್‌ಬುಕ್ಕಿನ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವು. ನಾನು ಬಾಯಿ ತೆರೆಯುವ ಮೊದಲೇ, ಅವನು ಬಾಯಿ ತೆರೆಯುವ ಮೊದಲೇ, ಹಾಲಮ್ಮ ಅವನ ಮುಂದೆ ಒಂದು ಗ್ಲಾಸು ನೀರಿಟ್ಟಳು. ಅವನು ಗಟಗಟನೆ ಕುಡಿದ. ಅವಳು ಇನ್ನೊಂದು ತುಂಬಿಸಿ ಇಟ್ಟು, ಆಮೇಲೆ ಕೇಳಿದಳು: ‘ಏನ್ ಕೊಡ್ಲಿ?’